ಹಳೆಯ ಮನೆ ಕೆಡವದೆ ನವೀಕರಣ: ಯಾವ ಕೆಲಸ ಮೊದಲು, ಯಾವುದು ಕೊನೆಗೆ?

ಹೊಂಗೆನೆರಳು

ಚರ್ಚೆಗೆ ಒಂದು ಮಾದರಿ ಮನೆ ಇಟ್ಟುಕೊಳ್ಳೋಣ. ವಯಸ್ಸು 35ರಿಂದ 40. ನೆಲಮಹಡಿ, ಮೇಲೊಂದು ಮಹಡಿ. 230 ಮಿ.ಮೀ. ಇಟ್ಟಿಗೆ ಗೋಡೆ, 120 ಮಿ.ಮೀ. ಆರ್‌ಸಿಸಿ ತಾರಸಿ, ಸಾದಾ ಒಂಟಿ ಗಾಜಿನ ಕಿಟಕಿ. ದೂರು ನಾಲ್ಕು. ಮೇಲಿನ ಮಹಡಿ ಹಗಲೆಲ್ಲ ಕಾದು ರಾತ್ರಿಯೂ ಆರುವುದಿಲ್ಲ. ಕೆಳಗಿನ ಗೋಡೆ ಮೊಣಕಾಲೆತ್ತರಕ್ಕೆ ಶೀತ ಹಿಡಿದು ಉಪ್ಪು ಬಿಡುತ್ತಿದೆ. ಕಿಟಕಿ ಮೇಲಿನ ಸಜ್ಜಾದ ಅಡಿಯಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟು ಉದುರುತ್ತಿದೆ. ಚಳಿಗಾಲದಲ್ಲಿ ಕಿಟಕಿ ಸಂದಿಯಿಂದ ಗಾಳಿ ನುಗ್ಗುತ್ತದೆ.

ಇಂಥ ಮನೆಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ. ಕೆಡವಿ ಹೊಸದು ಕಟ್ಟಿ. ಇಲ್ಲವೇ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ, ಎಸಿ ಹಾಕಿಸಿ, ಮೇಲೆ ಸೋಲಾರ್ ಕೂರಿಸಿ. ಇವೆರಡನ್ನೂ ಬಿಟ್ಟು, ಇರುವ ಕಟ್ಟಡವನ್ನೇ ಇನ್ನೂ 40–50 ವರ್ಷ ಬಾಳುವಂತೆ, ಕಡಿಮೆ ಕರೆಂಟು ಮತ್ತು ಕಡಿಮೆ ನೀರಿನಲ್ಲಿ ನಡೆಯುವಂತೆ ಮಾಡುವುದು ಹೇಗೆ? ಕೆಲಸಗಳ ಕ್ರಮ ಏನಿರಬೇಕು? ದಯವಿಟ್ಟು ಅಳತೆ, ಕಾರಣ ಸಮೇತ ಬರೆಯಿರಿ.

ತೊಲೆಕಂಬ

ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ: ನೀರು ನಿಲ್ಲಿಸಿ, ಕಂಬಿ ಉಳಿಸಿ, ತಾರಸಿ ತಂಪು ಮಾಡಿ, ಕಿಟಕಿಗೆ ನೆರಳು ಕೊಡಿ, ಸಂದಿ ಮುಚ್ಚಿ ಗಾಳಿಗೆ ದಾರಿ ಮಾಡಿ. ಇಷ್ಟಾದ ಮೇಲೆ ಯಂತ್ರಗಳು. ಸೋಲಾರ್ ಎಲ್ಲಕ್ಕಿಂತ ಕೊನೆಗೆ. ಹಾಳಾಗುವ ನವೀಕರಣಗಳಲ್ಲಿ ಹೆಚ್ಚಿನವು ಕೆಟ್ಟ ಸಾಮಾನಿನಿಂದ ಹಾಳಾಗುವುದಿಲ್ಲ, ಈ ಸರದಿ ತಪ್ಪಿದ್ದರಿಂದ ಹಾಳಾಗುತ್ತವೆ. ಸೋರುವ ತಾರಸಿಯ ಮೇಲೆ ಸೋಲಾರ್ ಚೌಕಟ್ಟು ಕೂರಿಸಿದರೆ ಎರಡೇ ಮಳೆಗಾಲಕ್ಕೆ ಅದನ್ನು ಬಿಚ್ಚಬೇಕು. ತಾರಸಿ ತಂಪಾಗುವ ಮುಂಚೆ ಎಸಿ ಕೊಂಡರೆ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಬರುತ್ತದೆ. ಆಮೇಲೆ ಶಾಖ ತಗ್ಗಿದಾಗ ಅದು ಪದೇ ಪದೇ ಚಾಲೂ ಆಗಿ ನಿಲ್ಲುತ್ತದೆ, ಕೋಣೆಯ ತೇವಾಂಶ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ.

ಕೆಡವುವುದು ಯಾಕೆ ಬೇಡ? ಮನೆ ಕಟ್ಟುವಾಗ ಸುಟ್ಟ ಇಂಧನದ ದೊಡ್ಡ ಪಾಲು ತಳಪಾಯ, ಗೋಡೆ, ತಾರಸಿಗಳಲ್ಲೇ ಇದೆ. ಸಿಮೆಂಟಿನ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಬೇಯಲು ಸುಮಾರು 1450 ಡಿಗ್ರಿ ಶಾಖ ಬೇಕು. ಅದಲ್ಲದೆ ಸುಣ್ಣದಕಲ್ಲು ಒಡೆಯುವಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಯಾವ ಇಂಧನ ಬಳಸಿದರೂ ಆ ಪಾಲು ತಪ್ಪುವುದಿಲ್ಲ. ಹಳೆಯ ಗೋಡೆ, ತಾರಸಿ ಉಳಿಸಿಕೊಂಡರೆ ಅಷ್ಟನ್ನೂ ಮತ್ತೆ ಸುಡಬೇಕಿಲ್ಲ. ಅಮೆರಿಕದ ವಾಸ್ತುಶಿಲ್ಪಿ ಕಾರ್ಲ್ ಎಲೆಫಾಂಟೆ, ಎಲ್ಲಕ್ಕಿಂತ ಹಸಿರಾದ ಕಟ್ಟಡ ಈಗಾಗಲೇ ಕಟ್ಟಿರುವುದು ಎಂದು 2007ರಲ್ಲಿ ಬರೆದದ್ದು ಇದೇ ಲೆಕ್ಕದ ಮೇಲೆ. ಫ್ರಾನ್ಸಿನ ಬೋರ್ಡೋ ನಗರದ ಗ್ರಾಂ ಪಾರ್ಕ್ ವಸತಿ ಬಡಾವಣೆಯಲ್ಲಿ ವಾಸ್ತುಶಿಲ್ಪಿಗಳಾದ ಲಾಕಾಟನ್ ಮತ್ತು ವಸಾಲ್ 530 ಮನೆಗಳನ್ನು ಕೆಡವದೆ, ಜನರನ್ನೂ ಎಬ್ಬಿಸದೆ, ಹೊರಗೋಡೆಗೆ 3.8 ಮೀಟರ್ ಆಳದ ಗಾಜಿನ ವರಾಂಡಗಳನ್ನು ಜೋಡಿಸಿ ದೊಡ್ಡದು ಮಾಡಿದರು. ಹಳೆಯ ಮಹಡಿಗಳು, ಮೆಟ್ಟಿಲುಗಳು ಇದ್ದಲ್ಲೇ ಉಳಿದವು.

ಆದರೆ ಉಳಿಸುವ ಮುನ್ನ ಪರೀಕ್ಷೆ ಆಗಲೇಬೇಕು. ಬಿರುಕುಗಳ ನಕ್ಷೆ ಬರೆಯಿರಿ. ಪ್ರತಿ ಬಿರುಕಿನ ಎರಡು ಕಡೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಬದಲಾಗದ ಬಿರುಕು ಹಳೆಯ ಗಾಯ, ತುಂಬಿದರೆ ಸಾಕು. ಬೆಳೆಯುತ್ತಿದ್ದರೆ ತಳಪಾಯವನ್ನೋ ತಾರಸಿಯನ್ನೋ ನೋಡದೆ ತುಂಬಬೇಡಿ. ಬಾಗಿಲು ಮೂಲೆಯಿಂದ ಓರೆಯಾಗಿ ಮೇಲೇರಿ, ಮೇಲೆ ಹೋದಂತೆ ಅಗಲವಾಗುವ ಬಿರುಕು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ಬರುವ ತನಕ ಬೇರೆ ಯಾವ ಕೆಲಸವೂ ಬೇಡ.

ಸುಣ್ಣದಕೈ

ಕೆಳಗಿನ ಗೋಡೆಯ ಶೀತದಿಂದ ಶುರು ಮಾಡುತ್ತೇನೆ. ಅತಿ ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದು ಇಲ್ಲೇ.

ಗೋಡೆ ಒದ್ದೆಯಾಗಲು ನಾಲ್ಕು ದಾರಿ: ನೆಲದಿಂದ ಮೇಲೇರುವ ನೀರು, ಹೊರಗಿನ ಮಳೆ, ಒಳಗಿನ ಪೈಪು ಸೋರಿಕೆ, ಗಾಳಿಯ ಆವಿ ತಣ್ಣನೆ ಗೋಡೆಗೆ ತಾಗಿ ಹನಿಯಾಗುವುದು. ಯಾವುದೆಂದು ತಿಳಿಯದೆ ಒಂದು ಹಿಡಿ ಸಾಮಾನೂ ತರಬೇಡಿ.

ಅಲ್ಯೂಮಿನಿಯಂ ಹಾಳೆ ಒಂದಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಬಿಗಿಯಾಗಿ ಒತ್ತಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಕೋಣೆ ಕಡೆಯ ಮೈಯಲ್ಲಿ ಹನಿ ಇದ್ದರೆ ಅದು ಒಳಗಿನ ಆವಿ. ಗೋಡೆ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಪೈಪಿಗೆ ಬೇರೆ ಪರೀಕ್ಷೆ ಇದೆ. ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನಿಂದ ಇಳಿಯುವ ವಾಲ್ವ್ ತೆರೆದಿಟ್ಟು, ಟ್ಯಾಂಕಿಗೆ ನೀರು ತುಂಬುವುದನ್ನು ನಿಲ್ಲಿಸಿ, ನೀರಿನ ಮಟ್ಟಕ್ಕೆ ಒಳಗೋಡೆಯ ಮೇಲೆ ಗೆರೆ ಎಳೆಯಿರಿ. ಆರು ಗಂಟೆ ಬಿಟ್ಟು ನೋಡಿದಾಗ ಗೆರೆ ಬಿಟ್ಟು ಕೆಳಗಿಳಿದಿದ್ದರೆ ಸೋರಿಕೆ ಇದೆ.

ನೆಲದಿಂದ ಏರುವ ಶೀತಕ್ಕೆ ಬಹಳ ಸಲ ಕಾರಣ ಹೊರಗೆ ಕಾಣುತ್ತದೆ. ವರ್ಷಗಟ್ಟಲೆ ಮಣ್ಣು, ಟೈಲ್ಸು, ಕಾಂಕ್ರೀಟು ಹಾಕುತ್ತ ಅಂಗಳ ಏರಿ, ಒಳನೆಲದ ಮಟ್ಟಕ್ಕೇ ಬಂದಿರುತ್ತದೆ. ಹೊರಗಿನ ನೆಲ ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು, ಗೋಡೆಯಿಂದ ಆಚೆಗೆ ಇಳಿಜಾರಿರಬೇಕು. ಗೋಡೆ ಬುಡಕ್ಕೆ ತಾಗಿದ ಕಾಂಕ್ರೀಟು ಪಟ್ಟಿಯನ್ನು 300 ಮಿ.ಮೀ. ಅಗಲಕ್ಕೆ ಕಿತ್ತು, ಅಷ್ಟೇ ಆಳಕ್ಕೆ ದಪ್ಪ ಜಲ್ಲಿ ತುಂಬಿ, ಕೆಳಗೆ ತೂತಿನ ಪೈಪು ಇಟ್ಟು ನೀರನ್ನು ಆಚೆ ಕಳಿಸಿ. ಅಗೆಯುವಾಗ ತಳಪಾಯದ ಅಡಿಗಿಂತ ಕೆಳಗೆ ಹೋಗಬಾರದು. ಈ ಒಂದು ಕೆಲಸದಿಂದಲೇ ಶೀತ ಅರ್ಧ ಇಳಿದ ಗೋಡೆಗಳು ಬೇಕಾದಷ್ಟಿವೆ.

ಒಳಗಡೆ ಉಪ್ಪು ಹಿಡಿದ ಸಿಮೆಂಟ್ ಗಿಲಾವನ್ನು ಕಲೆಯ ಗೆರೆಗಿಂತ ಅರ್ಧ ಮೀಟರ್ ಮೇಲಿನವರೆಗೆ ಕೆತ್ತಿ ತೆಗೆಯಿರಿ. ಇಟ್ಟಿಗೆ ಸಂದಿಯ ಸಡಿಲ ಗಾರೆಯನ್ನು 15–20 ಮಿ.ಮೀ. ಆಳಕ್ಕೆ ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಕ್ಕೆ ಇಳಿಯುತ್ತದೆ. ಆಮೇಲೆ ಕಾಯಬೇಕು. ಗೋಡೆ ಒಣಗಲು 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬುದು ಸ್ಥೂಲ ಲೆಕ್ಕ. 230 ಮಿ.ಮೀ. ಗೋಡೆಗೆ ಒಂಬತ್ತು ತಿಂಗಳಾಯಿತು. ಎರಡೂ ಮೈ ತೆರೆದಿದ್ದರೆ ಇನ್ನೂ ಬೇಗ.

ಮಣ್ಣುಮಟ್ಟ

ಸುಣ್ಣದಕೈ ಅವರೇ, ಒಂಬತ್ತು ತಿಂಗಳು ಗೋಡೆ ಬೋಳಾಗಿಟ್ಟು ಕೂರಲು ಯಾರಿಗೂ ಆಗುವುದಿಲ್ಲ. ಗೋಡೆ ಬುಡಕ್ಕೆ ತೂತು ಕೊರೆದು ನೀರು ತಡೆಯುವ ರಾಸಾಯನಿಕ ತುಂಬುವ ಕೆಮಿಕಲ್ ಇಂಜೆಕ್ಷನ್ ಮಾಡಿಸಿ, ವಾಟರ್‌ಪ್ರೂಫ್ ಸಿಮೆಂಟ್ ಗಿಲಾವು ಹಾಕಿಸಿದರೆ ತಪ್ಪೇನು?

ಸುಣ್ಣದಕೈ

ಇಂಜೆಕ್ಷನ್ ಸರಿಯಾಗಿ ಮಾಡಿದರೆ ಕೆಲಸಕ್ಕೆ ಬರುತ್ತದೆ. ತೂತು ಇಟ್ಟಿಗೆಗಲ್ಲ, ಒಳನೆಲಕ್ಕಿಂತ ಸ್ವಲ್ಪ ಮೇಲಿನ ಅಡ್ಡ ಗಾರೆ ಸಾಲಿಗೆ ಬೀಳಬೇಕು. ಯಾಕೆಂದರೆ ನೀರು ಕಡಿತವಿಲ್ಲದೆ ಹರಿಯುವ ದಾರಿ ಆ ಸಾಲೇ. ತೂತಿನ ನಡುವೆ 100–120 ಮಿ.ಮೀ. ಅಂತರ, ಆಳ ಗೋಡೆ ದಪ್ಪಕ್ಕಿಂತ 20–40 ಮಿ.ಮೀ. ಕಡಿಮೆ. ಒಂದೆರಡು ತೂತು ಬಿಟ್ಟುಹೋದರೂ ನೀರು ಅಲ್ಲಿಂದಲೇ ಏರುತ್ತದೆ. ಅಂಗಳದ ಮಟ್ಟ ಇಳಿಸದೆ ಬರೀ ಇಂಜೆಕ್ಷನ್ ಮಾಡಿಸಿದರೆ ಹಣ ನೀರಿಗೆ ಹಾಕಿದಂತೆ.

ವಾಟರ್‌ಪ್ರೂಫ್ ಗಿಲಾವು ಮಾತ್ರ ಬೇಡವೇ ಬೇಡ. ನೀರು ಬರುವುದನ್ನು ಅದು ನಿಲ್ಲಿಸುವುದಿಲ್ಲ, ಆರಿಹೋಗುವುದನ್ನಷ್ಟೇ ನಿಲ್ಲಿಸುತ್ತದೆ. ಮೊಣಕಾಲೆತ್ತರದ ಶೀತ ಸೊಂಟದೆತ್ತರಕ್ಕೆ ಹೋಗುವುದು ಹೀಗೆಯೇ.

ಕಾಯಲು ಆಗದವರಿಗೆ ಸುಣ್ಣದ ಗಾರೆಯೇ ದಾರಿ. ಅದು ಒದ್ದೆ ಗೋಡೆಯ ಮೇಲೂ ನಿಲ್ಲುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಅರಳಿಸಿ ಹದಗೊಂಡ ಸುಣ್ಣದ ಪಾಕ ಒಂದು ಪಾಲು, ಚೂಪು ಕಾಳಿನ ತೊಳೆದ ಮರಳು ಮೂರು ಪಾಲು. ಗೋಡೆ ಸದಾ ಶೀತದಲ್ಲೇ ಇದ್ದರೆ ನೀರಿನಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ, 3.5 ದರ್ಜೆಯದು. ಕಲಸಿದ ಗಾರೆ ಕರಣೆಗೆ ಅಂಟಿ, ಕರಣೆ ತಲೆಕೆಳಗು ಮಾಡಿದರೂ ಬೀಳದೆ ನಿಲ್ಲಬೇಕು. ಆ ಹದ ಬರದಿದ್ದರೆ ನೀರು ಸೇರಿಸುವುದಲ್ಲ, ಇನ್ನೂ ಹೊತ್ತು ಮಿದಿಯುವುದು.

ಒಂದು ಪದರ 10 ಮಿ.ಮೀ. ಮೀರಬಾರದು. ಹಚ್ಚುವ ಮುನ್ನ ಇಟ್ಟಿಗೆಗೆ ನೀರು ಚಿಮುಕಿಸಿ, ಮೈಮೇಲಿನ ಹೊಳಪು ಹೋಗುವ ತನಕ ಕಾಯಿರಿ. ಮೊದಲ ಪದರ ಉಗುರಿಗೆ ಗೀರು ಬೀಳದಷ್ಟು ಗಟ್ಟಿಯಾಗಲು ಒಂದೆರಡು ವಾರ ಬೇಕು, ಆಮೇಲೆ ಎರಡನೆಯದು. ಒಂದು ವಾರ ಒದ್ದೆ ಗೋಣಿತಟ್ಟು ಮುಚ್ಚಿ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ಸ್ವಲ್ಪ ತೇವವೂ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಗಟ್ಟಿಯಾಗದೆ ಪುಡಿಯಾಗುತ್ತದೆ. ಸುಣ್ಣ ಕೈಗೆ, ಕಣ್ಣಿಗೆ ಸುಡುತ್ತದೆ. ರಬ್ಬರ್ ಗ್ಲೌಸು, ಕನ್ನಡಕ ಇಲ್ಲದೆ ಕೆಲಸಕ್ಕೆ ಇಳಿಸಬೇಡಿ.

ಮೊದಲ ಕೆಲವು ವರ್ಷ ಈ ಗಿಲಾವಿಗೂ ಉಪ್ಪು ಬರಬಹುದು. ಗೋಡೆಯ ಉಪ್ಪನ್ನು ತಾನು ಎಳೆದುಕೊಂಡು ಇಟ್ಟಿಗೆ ಉಳಿಸುವುದೂ ಅದರ ಕೆಲಸ. ಹಾಳಾದ ಕಡೆ ಕೆರೆದು ಮತ್ತೆ ಹಚ್ಚುವುದು.

ಕಂಬಿಲೆಕ್ಕ

ಸಜ್ಜಾ ಅಡಿಯ ಕಾಂಕ್ರೀಟಿನ ಬಗ್ಗೆ. ಹೊಸ ಕಾಂಕ್ರೀಟಿನ ಪಿಎಚ್ 12–13 ಇರುತ್ತದೆ, ಆ ಕ್ಷಾರದಲ್ಲಿ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿಯುತ್ತ ಹೋದಂತೆ ಪಿಎಚ್ 9ರ ಕೆಳಗೆ ಬರುತ್ತದೆ, ಅಲ್ಲಿಗೆ ಕಂಬಿಯ ಕಾವಲು ಹೋಯಿತು. ಎಷ್ಟು ಆಳ ಹೋಗಿದೆ ಎಂದು ನೋಡಲು ಸಣ್ಣ ತುಂಡು ಒಡೆದು, ಹೊಸದಾಗಿ ಕಂಡ ಮೈಗೆ ಫಿನಾಲ್‌ಫ್ತಲೀನ್ ದ್ರಾವಣ ಸಿಂಪಡಿಸಿ. ಗುಲಾಬಿಯಾದ ಭಾಗ ಆರೋಗ್ಯವಾಗಿದೆ. ಬಣ್ಣ ಬರದ ಭಾಗದ ದಪ್ಪವನ್ನು ಸ್ಕೇಲಿನಿಂದ ಅಳೆಯಿರಿ.

ಈ ಆಳ ವರ್ಷಗಳ ವರ್ಗಮೂಲದಂತೆ ಬೆಳೆಯುತ್ತದೆ. 36 ವರ್ಷಕ್ಕೆ 18 ಮಿ.ಮೀ. ಆಗಿದ್ದರೆ, 18ನ್ನು 36ರ ವರ್ಗಮೂಲವಾದ 6ರಿಂದ ಭಾಗಿಸಿ, ಗುಣಾಂಕ 3. ಕಂಬಿ ಮೇಲಿನ ಕಾಂಕ್ರೀಟು ಹೊದಿಕೆ 25 ಮಿ.ಮೀ. ಇದ್ದರೆ ಅಲ್ಲಿಗೆ ತಲುಪಲು 25ನ್ನು 3ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 69 ವರ್ಷ. ಇನ್ನೂ 33 ವರ್ಷ ಕೈಯಲ್ಲಿದೆ. ಹೊದಿಕೆ 15 ಮಿ.ಮೀ. ಇದ್ದರೆ 25ನೇ ವರ್ಷಕ್ಕೇ ತಲುಪಿಯಾಗಿದೆ. ಸಜ್ಜಾ ಮೊದಲು ಹಾಳಾಗುವುದು ಇದಕ್ಕೇ. ಅಲ್ಲಿ ಹೊದಿಕೆ ತೆಳು, ಮಳೆ-ಬಿಸಿಲು ಹೆಚ್ಚು.

ದುರಸ್ತಿ ಹೀಗೆ. ಮೊದಲು ಜಾಕ್ ಕೊಟ್ಟು ಭಾರ ಇಳಿಸಿ. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವಷ್ಟಕ್ಕೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅಂಚನ್ನು ಕಟರ್‌ನಿಂದ 10 ಮಿ.ಮೀ. ಆಳಕ್ಕೆ ನೇರವಾಗಿ ಕತ್ತರಿಸಿ. ಕಾಂಕ್ರೀಟನ್ನು ಕಂಬಿಯ ಹಿಂದಕ್ಕೂ 20–25 ಮಿ.ಮೀ. ಕೆತ್ತಬೇಕು, ಬೆರಳು ಕಂಬಿಯ ಹಿಂದೆ ತೂರಬೇಕು. ಈ ಹಂತ ತಪ್ಪಿಸಿ ಮುಂಭಾಗಕ್ಕಷ್ಟೇ ಗಾರೆ ಮೆತ್ತಿದರೆ ಹಿಂದಿನ ತುಕ್ಕು ಉಬ್ಬಿ ಹೊಸ ಗಾರೆಯನ್ನೂ ತಳ್ಳುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು.

ತಂತಿ ಬ್ರಷ್‌ನಿಂದ ಉಜ್ಜಿದ ಮೇಲೆ ಕಂಬಿಯನ್ನು ವರ್ನಿಯರ್‌ನಿಂದ ಅಳೆಯಿರಿ. 10 ಮಿ.ಮೀ. ಕಂಬಿ 8.5 ಉಳಿದಿದ್ದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಶೇ. 28 ಹೋಗಿದೆ. ಶೇ. 20 ದಾಟಿದರೆ ಪಕ್ಕಕ್ಕೆ ಹೊಸ ಕಂಬಿ ಸೇರಿಸಿ, ಎರಡೂ ತುದಿಯಲ್ಲಿ ಒಳ್ಳೆಯ ಕಂಬಿಯ ಜತೆ ಎಷ್ಟು ಉದ್ದ ಜೋಡಿಕೊಳ್ಳಬೇಕೆಂದು ಎಂಜಿನಿಯರ್‌ನಿಂದ ಬರೆಸಿಕೊಳ್ಳಿ. ಸಜ್ಜಾದಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತದೆ ಎಂಬುದು ನೆನಪಿರಲಿ. ಅಡಿಯಲ್ಲಿ ಕಾಣುವ ತುಕ್ಕನ್ನೇ ನೋಡಿಕೊಂಡು ಮೇಲಿನದನ್ನು ಬಿಡಬೇಡಿ.

ಕಂಬಿಗೆ ಸತುವಿನ ಪ್ರೈಮರ್, ಹಳೆಯ ಕಾಂಕ್ರೀಟಿಗೆ ಬಾಂಡ್ ಕೋಟ್ (ಹೊಸ ಗಾರೆ ಹಿಡಿಯಲು ಅಂಟಿನ ಲೇಪ), ಅದು ಇನ್ನೂ ಅಂಟಂಟಾಗಿರುವಾಗಲೇ ಪಾಲಿಮರ್ ಗಾರೆ ಒತ್ತಿ ತುಂಬುವುದು. ಬಾಂಡ್ ಕೋಟ್ ಒಣಗಿದ ಮೇಲೆ ಗಾರೆ ಹಾಕಿದರೆ ಅದೇ ಬಿಡಿಸುವ ಪದರವಾಗುತ್ತದೆ. ಏಳು ದಿನ ಕ್ಯೂರಿಂಗ್. ಇನ್ನೊಂದು ತೊಂದರೆ ಎರಡು-ಮೂರು ವರ್ಷ ಬಿಟ್ಟು ಕಾಣುತ್ತದೆ. ಹೊಸ ತೇಪೆಯ ಸುತ್ತಲಿನ ಹಳೆಯ ಭಾಗ ಬೇಗ ತುಕ್ಕು ಹಿಡಿಯುತ್ತದೆ. ಹೊಸದಕ್ಕೂ ಹಳೆಯದಕ್ಕೂ ಒಂದೇ ಕಂಬಿ ಹಾದು ಬ್ಯಾಟರಿಯಂತೆ ಆಗುವುದೇ ಕಾರಣ. ಸಮುದ್ರದ ಉಪ್ಪುಗಾಳಿ ಇರುವ ಕಡೆ ತೇಪೆಯ ಅಂಚಿನಲ್ಲಿ ಸತುವಿನ ಬಲಿ-ಆನೋಡ್ (ಕಂಬಿಗೆ ಬದಲು ತಾನೇ ಸವೆಯುವ ತುಂಡು) ಕಟ್ಟುವುದು ಇದನ್ನು ತಡೆಯಲು.

ತಂಪುತಾರಸಿ

ಈಗ ತಾರಸಿ. ಮೇಲಿನ ಮಹಡಿಗೆ ಬರುವ ಶಾಖದಲ್ಲಿ ದೊಡ್ಡ ಪಾಲು ಇಲ್ಲಿಂದಲೇ.

120 ಮಿ.ಮೀ. ಕಾಂಕ್ರೀಟಿನ ಶಾಖತಡೆ ಅತ್ಯಲ್ಪ. ಎರಡೂ ಬದಿಯ ಗಾಳಿಪದರ ಸೇರಿಸಿದರೂ ಯು-ಮೌಲ್ಯ ಸುಮಾರು 3.5. ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಪ್ರತಿ ಚದರ ಮೀಟರ್‌ನಲ್ಲಿ 3.5 ವ್ಯಾಟ್ ಒಳಗಿಳಿಯುತ್ತದೆ. ಬಿಸಿಲಿನ ಪರಿಣಾಮವೂ ಸೇರಿ 25 ಡಿಗ್ರಿ ವ್ಯತ್ಯಾಸವೆಂದು ಇಟ್ಟುಕೊಂಡರೆ 100 ಚ.ಮೀ. ತಾರಸಿಯಿಂದ ಸುಮಾರು 8.7 ಕಿಲೋವ್ಯಾಟ್. ಒಂದು ಕಿಲೋವ್ಯಾಟಿನ ಎಂಟು ಹೀಟರ್ ತಲೆ ಮೇಲೆ ಉರಿದಂತೆ.

ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ಸುಲಭಕ್ಕೆ ನೀರು ಹೀರದ ಗಟ್ಟಿ ಫೋಮ್) ಹಲಗೆ ಹಾಕಿದರೆ ಯು-ಮೌಲ್ಯ 0.57ಕ್ಕೆ ಇಳಿದು, ಅದೇ ಲೆಕ್ಕ 1.4 ಕಿಲೋವ್ಯಾಟ್ ಆಗುತ್ತದೆ. 75 ಮಿ.ಮೀ.ಗೆ 0.40, 100 ಮಿ.ಮೀ.ಗೆ 0.31. ಮೊದಲ 50 ಮಿ.ಮೀ. ದೊಡ್ಡ ಉಳಿತಾಯ ಕೊಟ್ಟಿತು, ಮುಂದಿನದು ಅದರ ಸಣ್ಣ ತುಣುಕು. ಬಿಸಿ ನಾಡಿನಲ್ಲಿ 50–75 ಸಾಕು. ಹಿಮ ಬೀಳುವ ಕಡೆ 150–200ಕ್ಕೆ ಹೋಗಬೇಕು.

ಶಾಖತಡೆ ತಾರಸಿಯ ಮೇಲೆಯೇ ಯಾಕೆ, ಕೆಳಗೆ ಫಾಲ್ಸ್ ಸೀಲಿಂಗ್ ಯಾಕಲ್ಲ? ಕಾಂಕ್ರೀಟು ಒಂದು ಡಿಗ್ರಿಗೆ ಒಂದು ಮೀಟರ್‌ನಲ್ಲಿ 0.01 ಮಿ.ಮೀ. ಹಿಗ್ಗುತ್ತದೆ. 10 ಮೀಟರ್ ಉದ್ದದ ತಾರಸಿ ಹಗಲಿಗೂ ರಾತ್ರಿಗೂ 40 ಡಿಗ್ರಿ ಏರಿಳಿದರೆ 4 ಮಿ.ಮೀ. ಓಡಾಡಿತು. ಮೇಲ್ಮಹಡಿಯಲ್ಲಿ ತಾರಸಿಯ ಕೆಳಗೆ, ಗೋಡೆ ಸೇರುವಲ್ಲಿ ಉದ್ದಕ್ಕೂ ಒಂದು ಸಪೂರ ಬಿರುಕು ಕಾಣುತ್ತದಲ್ಲ, ಎಷ್ಟು ಸಲ ಪುಟ್ಟಿ ತುಂಬಿದರೂ ಮತ್ತೆ ಬರುತ್ತದಲ್ಲ, ಅದು ಈ 4 ಮಿ.ಮೀ. ಓಡಾಟ. ಕೆಳಗೆ ಸೀಲಿಂಗ್ ಹಾಕಿದರೆ ಓಡಾಟ ನಿಲ್ಲುವುದಿಲ್ಲ, ಇನ್ನೂ ಹೆಚ್ಚುತ್ತದೆ. ಮೇಲೆ ಹೊದಿಸಿದರೆ ಕಾಂಕ್ರೀಟಿನ ಏರಿಳಿತ ಕೆಲವೇ ಡಿಗ್ರಿಗೆ ಇಳಿಯುತ್ತದೆ.

ಪದರಗಳು ಕೆಳಗಿನಿಂದ ಮೇಲಕ್ಕೆ: ದುರಸ್ತಿಯಾದ ಕಾಂಕ್ರೀಟು, 1:100ಕ್ಕೆ ಕಡಿಮೆಯಿಲ್ಲದ ಇಳಿಜಾರು, ಪ್ಯಾರಪೆಟ್ ಮೂಲೆಯಲ್ಲಿ 75 ಮಿ.ಮೀ. ಗೋಲಾ (ಮೂಲೆ ತುಂಬುವ ದುಂಡು ಗಾರೆ), ವಾಟರ್‌ಪ್ರೂಫಿಂಗ್ ಪೊರೆ, ಎಕ್ಸ್‌ಪಿಎಸ್, ನೀರೂ ಆವಿಯೂ ಹಾಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಜಲ್ಲಿ ಅಥವಾ ಕಾಲಿನ ಮೇಲೆ ಕೂತ ಹಲಗೆಕಲ್ಲು. ಪೊರೆ ಪ್ಯಾರಪೆಟ್ ಮೇಲೆ ಏರಬೇಕಾದ 150 ಮಿ.ಮೀ. ಎತ್ತರವನ್ನು ಹಳೆಯ ತಾರಸಿಯಿಂದಲ್ಲ, ಮುಗಿದ ಮೇಲ್ಮೈಯಿಂದ ಎಣಿಸಿ.

ಪೊರೆ ಮುಗಿದ ಮೇಲೆ ಡೌನ್‌ಪೈಪ್ ಬಾಯಿ ಕಟ್ಟಿ, 25 ಮಿ.ಮೀ. ನೀರು ನಿಲ್ಲಿಸಿ 48 ಗಂಟೆ ಕೆಳಗಿನ ಸೀಲಿಂಗ್ ಗಮನಿಸಿ. ಈ ಪರೀಕ್ಷೆ ಆಗದೆ ಮುಂದಿನ ಪದರ ಹಾಕಲು ಯಾರಿಗೂ ಬಿಡಬೇಡಿ.

ಕೆಡುವುದು ಎಲ್ಲಿ? ಇಪಿಎಸ್, ಅಂದರೆ ಸಾದಾ ಥರ್ಮೊಕೋಲು, ಪೊರೆಯ ಮೇಲೆ ಹಾಕಿದರೆ ನೀರು ಕುಡಿದು ಕೆಲಸ ನಿಲ್ಲಿಸುತ್ತದೆ. ಎಕ್ಸ್‌ಪಿಎಸ್ ಅನ್ನು ಎರಡು ಪದರವಾಗಿ ಹಾಕಿದರೆ ನಡುವೆ ನೀರಿನ ಹಾಳೆ ನಿಂತು ಮೇಲಿನ ಪದರಕ್ಕೆ ಆವಿ ಏರುತ್ತದೆ, ಆದ್ದರಿಂದ ಒಂದೇ ದಪ್ಪ ಹಲಗೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದರೂ ಇದೇ ಕಥೆ. ಸಾಲ್ವೆಂಟ್ ಇರುವ ಟಾರ್ ಪ್ರೈಮರ್ ಹಸಿಯಾಗಿದ್ದಾಗ ಹಲಗೆ ಇಟ್ಟರೆ ಹಲಗೆಯೇ ಕರಗುತ್ತದೆ.

ಇಷ್ಟು ಖರ್ಚಿಗೆ ಆಗದವರು ಬಿಳಿ ಪ್ರತಿಫಲನ ಬಣ್ಣದಿಂದ ಶುರು ಮಾಡಬಹುದು. ಹೊಸದಾಗಿದ್ದಾಗ ಬಿಸಿಲಿನ ಶೇ. 80ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು, ಪಾಚಿ ಕೂತಂತೆ ಕಡಿಮೆಯಾಗುತ್ತದೆ, ವರ್ಷಕ್ಕೊಮ್ಮೆ ಬ್ರಷ್ ಹಾಕಿ ತೊಳೆಯಬೇಕು. ಅದು ಬಿಸಿಲನ್ನು ತಡೆಯುತ್ತದೆ, ಚಳಿಯನ್ನಲ್ಲ.

ತೊಲೆಕಂಬ

ತಂಪುತಾರಸಿ ಅವರ ಮಾತಿಗೆ ಒಂದು ಭಾರದ ಎಚ್ಚರಿಕೆ. 50 ಮಿ.ಮೀ. ಜಲ್ಲಿ ಎಂದರೆ ಚದರ ಮೀಟರ್‌ಗೆ ಸುಮಾರು 80 ಕೆ.ಜಿ. ಹಳೆಯ ತಾರಸಿಗಳ ಮೇಲೆ ಈಗಾಗಲೇ ಒಂದರ ಮೇಲೊಂದು ಇಟ್ಟಿಗೆ ಚೂರಿನ ಕಾಂಕ್ರೀಟು, ಟೈಲ್ಸು, ಮತ್ತೆ ಸ್ಕ್ರೀಡು (ಮಟ್ಟಕ್ಕೆ ಹಾಕಿದ ಗಾರೆ ಪದರ) ಕೂತಿರುತ್ತದೆ. 100 ಮಿ.ಮೀ. ಇಟ್ಟಿಗೆ ಚೂರಿನ ಪದರವೇ 180–200 ಕೆ.ಜಿ. ಅದನ್ನು ತೆಗೆಯದೆ ಮೇಲೆ ಜಲ್ಲಿ ಸುರಿಯಬೇಡಿ. ತೆಗೆದರೆ ತಾರಸಿಗೆ ಭಾರ ಇಳಿಯುತ್ತದೆ, ಸೋರುವ ಜಾಗವೂ ಕಣ್ಣಿಗೆ ಬೀಳುತ್ತದೆ. ತೆಗೆದ ಚೂರನ್ನು ಒಂದೇ ಕಡೆ ರಾಶಿ ಹಾಕದೆ ಆಗಿಂದಾಗ್ಗೆ ಕೆಳಗಿಳಿಸಿ. ಒಂದು ಮೀಟರ್ ಎತ್ತರದ ರಾಶಿ ಚದರ ಮೀಟರ್‌ಗೆ ಒಂದು ಟನ್ ದಾಟುತ್ತದೆ, ಮನೆಯ ತಾರಸಿ ಅದಕ್ಕೆ ಕಟ್ಟಿದ್ದಲ್ಲ.

ಹೊಂಗೆನೆರಳು

ಒಳ್ಳೆಯ ವಿವರ, ಎಲ್ಲರಿಗೂ ಧನ್ಯವಾದ. ಕಿಟಕಿಗೆ ಬರೋಣವೇ? ಹಳೆಯ ಮರದ ಚೌಕಟ್ಟು ಗಟ್ಟಿಯಾಗಿದ್ದರೂ ಕಿತ್ತು ಯುಪಿವಿಸಿ ಹಾಕಿಸುವುದೇ ಈಗ ರೂಢಿಯಾಗಿದೆ.

ಕಿಟಕಿಸಂದಿ

ಗಟ್ಟಿ ಮರ ಕೀಳಬೇಡಿ. ಚಾಕುವಿನ ತುದಿ ಚೌಕಟ್ಟಿನ ಕೆಳಮೂಲೆಗೆ ಒತ್ತಿ ನೋಡಿ. 5 ಮಿ.ಮೀ.ಗಿಂತ ಆಳಕ್ಕೆ ಸುಲಭವಾಗಿ ಇಳಿದರೆ ಅಷ್ಟು ಭಾಗ ಕೊಳೆತಿದೆ, ಅದನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರ ಜೋಡಿಸಬಹುದು.

ಬಿಸಿಲಿಗೆ ಮೊದಲು ಹೊರಗಿನ ನೆರಳು, ಆಮೇಲೆ ಗಾಜು. 1.5 ಚ.ಮೀ. ಪಶ್ಚಿಮದ ಕಿಟಕಿಗೆ ಚದರ ಮೀಟರ್‌ಗೆ 500 ವ್ಯಾಟ್ ಬಿಸಿಲು ಬಿದ್ದರೆ ಸಾದಾ ಗಾಜಿನ ಮೂಲಕ 600 ವ್ಯಾಟ್ ಒಳಗೆ ಬರುತ್ತದೆ. ಒಳಗಿನ ಪರದೆ ಅದನ್ನು ತಡೆಯುವಷ್ಟರಲ್ಲಿ ಶಾಖ ಕೋಣೆಯೊಳಗೆ ಬಂದಾಗಿರುತ್ತದೆ. ಸಜ್ಜಾ ಎಷ್ಟು ನೆರಳು ಕೊಡುತ್ತದೆ ಎಂದು ತಿಳಿಯಲು ಅದರ ಚಾಚನ್ನು ಸೂರ್ಯನ ಎತ್ತರದ ಕೋನದ ಟ್ಯಾನ್‌ನಿಂದ ಗುಣಿಸಿ. ಕಿಟಕಿಗೆ ನೇರ ಎದುರಿನ ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದರೆ 600 ಮಿ.ಮೀ. ಸಜ್ಜಾದಿಂದ ಸುಮಾರು 1040 ಮಿ.ಮೀ. ನೆರಳು, 30 ಡಿಗ್ರಿಗೆ ಇಳಿದಾಗ ಬರೀ 346. ಸಂಜೆ ಬಿಸಿಲಿಗೆ ಸಜ್ಜಾ ಸಾಲದು ಎನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಪೂರ್ವ-ಪಶ್ಚಿಮಕ್ಕೆ ಹೊರಗಿನ ಮಡಚುವ ಪಟ್ಟಿಬಾಗಿಲು, ಬಿದಿರಿನ ಪರದೆ ಅಥವಾ ನಿಂತ ರೆಕ್ಕೆಗಳೇ ಸರಿ.

ಚಳಿಗೆ ಹಳೆಯ ಕಿಟಕಿಯ ಒಳಮೈಗೆ ಎರಡನೇ ಗಾಜಿನ ಚೌಕಟ್ಟು ಕೂರಿಸಬಹುದು. ಒಂಟಿ ಗಾಜಿನ ಯು-ಮೌಲ್ಯ 5.7, ಗಾಳಿ ತುಂಬಿದ ಜೋಡಿ ಗಾಜಿಗೆ 2.8, ಲೋ-ಇ ಲೇಪವೂ (ಶಾಖವನ್ನು ಹಿಂದಕ್ಕೆ ಕಳಿಸುವ ತೆಳು ಲೇಪ) ಆರ್ಗಾನ್ ಅನಿಲವೂ ಇರುವುದಕ್ಕೆ 1.1–1.4. ಎರಡು ಗಾಜಿನ ನಡುವೆ 15–20 ಮಿ.ಮೀ. ಶಾಖಕ್ಕೆ ಒಳ್ಳೆಯದು. ಸದ್ದು ತಡೆಯಬೇಕಾದರೆ 100 ಮಿ.ಮೀ. ಬೇಕು. ಗಾಳಿ ತಡೆಯುವ ರಬ್ಬರ್ ಪಟ್ಟಿ ಒಳಗಿನ ಚೌಕಟ್ಟಿಗೆ ಮಾತ್ರ ಹಾಕಿ. ಹೊರಗಿನದನ್ನೂ ಬಿಗಿ ಮಾಡಿದರೆ ನಡುವೆ ಆವಿ ಸಿಕ್ಕಿ ಗಾಜು ಮಂಜಾಗುತ್ತದೆ.

ಗಾಳಿಗಂಡಿ

ಸಂದಿ ಮುಚ್ಚಿದ ಮೇಲೆ ಬರುವ ತೊಂದರೆ ಕಡೆಗಣಿಸಬೇಡಿ. ಹಳೆಯ ಮನೆ ತನ್ನ ಬಿರುಕುಗಳಿಂದಲೇ ಉಸಿರಾಡುತ್ತಿತ್ತು. ಅವನ್ನು ಮುಚ್ಚಿದ ಮೊದಲ ಚಳಿಗಾಲದಲ್ಲೇ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸುತ್ತದೆ. 20 ಡಿಗ್ರಿಯ, ಶೇ. 50 ತೇವಾಂಶದ ಗಾಳಿ 9 ಡಿಗ್ರಿಯ ಮೈಗೆ ತಾಗಿದರೆ ಹನಿಯಾಗುತ್ತದೆ, ಬೂಷ್ಟಿಗೆ 12–13 ಡಿಗ್ರಿಯ ಮೈಯೇ ಸಾಕು. ತಲೆಗೆ ಗಂಟೆಗೆ 30 ಘನ ಮೀಟರ್ ಹೊಸ ಗಾಳಿ ಬೇಕು. ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಗಾಳಿ ಮನೆಯಿಂದ ಹೊರಗೇ ಹೋಗಬೇಕು, ಅಟ್ಟಕ್ಕಲ್ಲ. ಒಳಗಿನ ಬಾಗಿಲುಗಳ ಕೆಳಗೆ 10 ಮಿ.ಮೀ. ಸಂದಿ ಬಿಡಿ, ಇಲ್ಲದಿದ್ದರೆ ಮಲಗುವ ಕೋಣೆಯ ಗಾಳಿ ಫ್ಯಾನಿನವರೆಗೆ ಬರುವುದೇ ಇಲ್ಲ.

ಮನೆ ಎಷ್ಟು ಬಿಗಿ ಎಂದು ಅಳೆಯಲು ಬಾಗಿಲಿಗೆ ಫ್ಯಾನ್ ಕೂರಿಸಿ 50 ಪ್ಯಾಸ್ಕಲ್ ಒತ್ತಡದಲ್ಲಿ ನೋಡುತ್ತಾರೆ. ಹಳೆಯ ಮನೆಗಳ ನವೀಕರಣಕ್ಕೆಂದೇ ಇರುವ ಎನರ್‌ಫಿಟ್ ಮಾನದಂಡದಲ್ಲಿ ಒಳಗಿನ ಗಾಳಿ ಗಂಟೆಗೆ ಒಂದು ಸಲಕ್ಕಿಂತ ಹೆಚ್ಚು ಬದಲಾಗಬಾರದು, ಹೊಸ ಪ್ಯಾಸಿವ್ ಹೌಸ್‌ಗೆ (ತೀರಾ ಕಡಿಮೆ ಶಕ್ತಿಯಲ್ಲಿ ನಡೆಯುವಂತೆ ಕಟ್ಟಿದ ಮನೆ) ಆ ಮಿತಿ 0.6. ಅಷ್ಟು ಗುರಿ ಎಲ್ಲರಿಗೂ ಬೇಕಿಲ್ಲ. ಆದರೆ ಅದೇ ಒತ್ತಡ ಇಟ್ಟು ಊದುಬತ್ತಿ ಹಿಡಿದು ಓಡಾಡಿದರೆ ಸೋರುವ ಜಾಗ ಹೊಗೆಯಲ್ಲೇ ಕಾಣುತ್ತದೆ. ಸ್ವಿಚ್ ಬೋರ್ಡಿನ ಡಬ್ಬಿ, ಸೀಲಿಂಗ್ ಸೇರುವ ಮೂಲೆ, ಪೈಪು ತೂರಿದ ತೂತು, ಹೆಚ್ಚಾಗಿ ಇವೇ.

ಗೋಡೆಗೆ ಶಾಖತಡೆ ಹಾಕುವುದಾದರೆ ಹೊರಗಿನಿಂದಲೇ ಹಾಕಿ. ಒಳಗಿನಿಂದ ಹಾಕಿದರೆ ತಣ್ಣನೆ ನಾಡಿನಲ್ಲಿ ಇಟ್ಟಿಗೆ ಇನ್ನೂ ತಣ್ಣಗಾಗಿ, ಅದರ ಒಳಮೈಯಲ್ಲೇ ನೀರಾಗುತ್ತದೆ. ಬಿಸಿ ಮತ್ತು ತೇವದ ನಾಡಿನಲ್ಲಿ ಎಸಿ ಹಾಕಿದರೆ ಇದೇ ತಿರುಗುಮುರುಗು: 32 ಡಿಗ್ರಿಯ, ಶೇ. 70 ತೇವಾಂಶದ ಹೊರಗಾಳಿ 26 ಡಿಗ್ರಿಗೇ ಹನಿಯಾಗುತ್ತದೆ, ಒಳಗಿನ ಗೋಡೆ 24ರಲ್ಲಿರುತ್ತದೆ. ಅಂಥ ಗೋಡೆಯ ಒಳಮೈಗೆ ವಿನೈಲ್ ವಾಲ್‌ಪೇಪರ್ ಅಂಟಿಸಿದರೆ ಅದರ ಹಿಂದೆ ಬೂಷ್ಟು ಖಂಡಿತ.

ನೀರುಲೆಕ್ಕ

ಬಿಸಿನೀರಿನ ಬಗ್ಗೆ ಯಾರೂ ಬರೆದಿಲ್ಲ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 3.5 ಯೂನಿಟ್ ಬೇಕು. ಗೀಸರ್ ಅಷ್ಟನ್ನೂ ಕರೆಂಟಿನಿಂದ ತೆಗೆದುಕೊಳ್ಳುತ್ತದೆ. ಹೀಟ್ ಪಂಪ್ ಮೂರು ಪಾಲಲ್ಲಿ ಎರಡನ್ನು ಗಾಳಿಯಿಂದ ಎಳೆದು 1.2 ಯೂನಿಟ್‌ನಲ್ಲಿ ಮುಗಿಸುತ್ತದೆ. ಆದರೆ ಅದನ್ನು ಮುಚ್ಚಿದ ಪುಟ್ಟ ಕೋಣೆಯಲ್ಲಿ ಇಟ್ಟರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನೇ ಮತ್ತೆ ಎಳೆದುಕೊಂಡು ದಕ್ಷತೆ ಕಳೆದುಕೊಳ್ಳುತ್ತದೆ. ಹನಿನೀರು ಹೋಗಲು ಪೈಪೂ ಬೇಕು.

ಹೀಟರ್ ಎಲ್ಲಿ ಇಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಒಳವ್ಯಾಸ 15 ಮಿ.ಮೀ. ಪೈಪಿನಲ್ಲಿ ಮೀಟರ್‌ಗೆ 0.18 ಲೀಟರ್ ನೀರು ನಿಂತಿರುತ್ತದೆ. ಹೀಟರ್‌ನಿಂದ ನಲ್ಲಿ 12 ಮೀಟರ್ ದೂರವಿದ್ದರೆ ಪ್ರತಿ ಸಲ ಎರಡು ಲೀಟರ್ ತಣ್ಣೀರು ಚೆಲ್ಲಬೇಕು. ನಲ್ಲಿ ಮುಚ್ಚಿದ ಮೇಲೆ ಎರಡು ಲೀಟರ್ ಬಿಸಿನೀರು ಪೈಪಲ್ಲೇ ಆರುತ್ತದೆ. ಹೇಗೂ ಬಚ್ಚಲಿನ ಟೈಲ್ಸು ಕೀಳುತ್ತಿದ್ದರೆ ಪೈಪಿನ ದಾರಿಯನ್ನು ಅದೇ ಸಲ ಚಿಕ್ಕದು ಮಾಡಿ.

ಮಳೆನೀರಿಗೆ ಸುಲಭ ಲೆಕ್ಕ: ಒಂದು ಚ.ಮೀ. ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 100 ಚ.ಮೀ. ತಾರಸಿಗೆ 20 ಮಿ.ಮೀ. ಬಿದ್ದರೆ, ಆವಿಯಾಗಿ ಚೆಲ್ಲಿ ಹೋದದ್ದು ಕಳೆದು 1700 ಲೀಟರ್. ಮೊದಲ ಒಂದು ಮಿ.ಮೀ., ಅಂದರೆ 100 ಲೀಟರ್, ಧೂಳು ಮತ್ತು ಹಕ್ಕಿಹಿಕ್ಕೆಯ ನೀರು. ಅದನ್ನು ಬೇರೆ ಪೈಪಿಗೆ ಬಿಡಿ.

ಫ್ಯೂಸುಕಟ್ಟು

ವೈರಿಂಗ್ ಬಗ್ಗೆ ನಾಲ್ಕು ಸಾಲು. 35 ವರ್ಷದ ವೈರಿನ ಪ್ಲಾಸ್ಟಿಕ್ ಬಾಗಿಸಿದರೆ ಒಡೆಯುತ್ತಿದ್ದರೆ ಪೂರ್ತಿ ಬದಲಿಸಿ, ಅದೂ ಗಿಲಾವಿಗೆ ಮುಂಚೆ. ಅರ್ಥಿಂಗ್ ಅಳೆಸಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಹಾಕಿಸಿ. 75 ವ್ಯಾಟಿನ ಹಳೆಯ ಫ್ಯಾನಿಗೆ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು. ಸೋಲಾರ್ ಒಂದು ಕಿಲೋವ್ಯಾಟಿಗೆ ಹಲಗೆಯಷ್ಟೇ ಐದು ಚ.ಮೀ. ಬೇಕು, ಓಡಾಡುವ ಜಾಗ ಬೇರೆ. ಅದರ ಭಾರಕ್ಕಿಂತ ಗಾಳಿ ಎತ್ತುವ ಬಲವೇ ದೊಡ್ಡದು. ಕಾಲುಗಳ ಪೀಠವನ್ನು ವಾಟರ್‌ಪ್ರೂಫಿಂಗ್ ಹಾಕುವ ಮುನ್ನವೇ ಕಟ್ಟಿ, ಪೊರೆಯನ್ನು ಪೀಠದ ಮೇಲೂ ಹತ್ತಿಸಿ. ಮುಗಿದ ತಾರಸಿಗೆ ಡ್ರಿಲ್ ಬೇಡ.

ಮಣ್ಣುಮಟ್ಟ

ಕಿತ್ತ ಸಾಮಾನು ಏನು ಮಾಡಬೇಕು? ಹಾಗೇ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇದ್ದರೆ?

ತೊಲೆಕಂಬ

ಕಲ್ನಾರು ಶೀಟನ್ನು ಒಡೆಯುವುದು, ಡ್ರಿಲ್ ಮಾಡುವುದು, ಒಣ ಬ್ರಷ್‌ನಿಂದ ಉಜ್ಜುವುದು ಯಾವುದೂ ಕೂಡದು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ಬರಬಹುದು. ತೆಗೆಯಲು ತರಬೇತಿ ಪಡೆದವರನ್ನೇ ಕರೆಸಿ. ಅವರು ಶೀಟನ್ನು ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಯ್ಯಬೇಕು. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು, ಅದನ್ನೂ ಒಣ ಮರಳುಕಾಗದದಿಂದ ಉಜ್ಜಬೇಡಿ, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ತಟ್ಟಿದರೆ ಇಡಿಯಾಗಿ ಬರುತ್ತದೆ, ಮತ್ತೆ ಬಳಸಬಹುದು. ಸಿಮೆಂಟಿನದು ಗಾರೆ ಬಿಡದೆ ಇಟ್ಟಿಗೆಯೇ ಒಡೆಯುತ್ತದೆ, ಅದನ್ನು ಪುಡಿಮಾಡಿ ಅಂಗಳದ ಹಾಸಿನ ಅಡಿಗೆ ಹಾಕಿ. ಎರಡು ಹಳೆಯ ಇಟ್ಟಿಗೆ ಒಂದಕ್ಕೊಂದು ತಟ್ಟಿದಾಗ ಖಣ್ ಎನ್ನಬೇಕು. ಮೊದ್ದು ಸದ್ದು ಬಂದರೆ ಹೊರಗೋಡೆಗೆ ಬೇಡ. ಉಪ್ಪು ಹಿಡಿದ ಭಾಗದ ಇಟ್ಟಿಗೆಯನ್ನು ಬೇರೆ ರಾಶಿ ಮಾಡಿ, ಅದನ್ನು ಮತ್ತೆ ಕಟ್ಟಿದರೆ ಉಪ್ಪೂ ಜತೆಗೆ ಬರುತ್ತದೆ.

ಹೊಂಗೆನೆರಳು

ಕೊನೆಯ ಪ್ರಶ್ನೆ, ಸುಣ್ಣದಕೈ ಅವರಿಗೆ. ಹೊಸ ಸುಣ್ಣದ ಗಿಲಾವಿನ ಮೇಲೆ ಬಣ್ಣ ಯಾವಾಗ, ಯಾವುದು?

ಸುಣ್ಣದಕೈ

ಪ್ಲಾಸ್ಟಿಕ್ ಎಮಲ್ಷನ್, ಅಕ್ರಿಲಿಕ್ ಪುಟ್ಟಿ ಎಂದೂ ಬೇಡ, ಅಷ್ಟು ದಿನದ ಕೆಲಸವನ್ನು ಒಂದೇ ಕೋಟು ಮುಚ್ಚಿಬಿಡುತ್ತದೆ. ಸುಣ್ಣವನ್ನೇ ಬಳಿಯಿರಿ, ಅಥವಾ ಸಿಲಿಕೇಟ್ ಖನಿಜ ಬಣ್ಣ. ಸುಣ್ಣ ಬಳಿಯಲು ಗಿಲಾವು ಪೂರ್ತಿ ಒಣಗುವವರೆಗೆ ಕಾಯಬೇಕಿಲ್ಲ. ಎರಡನೇ ಪದರ ಗಟ್ಟಿಯಾಗಿ ಇನ್ನೂ ಸ್ವಲ್ಪ ತಂಪಿರುವಾಗಲೇ ಶುರು ಮಾಡಬಹುದು. ಸಿಲಿಕೇಟ್ ಬಣ್ಣಕ್ಕೆ ನಾಲ್ಕು ವಾರವಾದರೂ ಬಿಡಿ.

ಪಾಕವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ. ಗೋಡೆಗೆ ನೀರು ಚಿಮುಕಿಸಿ ಬಳಿಯಿರಿ. ಹಚ್ಚಿದಾಗ ಬಹುತೇಕ ಪಾರದರ್ಶಕವಾಗಿ ಕಾಣುತ್ತದೆ, ಬಿಳುಪು ಬರುವುದು ಒಣಗಿದ ಮೇಲೆ. ಕೆಲಸದವರು ಬಿಳಿ ಕಾಣಲಿಲ್ಲವೆಂದು ದಪ್ಪ ಹಚ್ಚುತ್ತಾರೆ, ಸಿಪ್ಪೆ ಏಳುವುದು ಆ ದಪ್ಪದಿಂದಲೇ. ದಿನಕ್ಕೊಂದು ಕೋಟಿನಂತೆ ನಾಲ್ಕೈದು ತೆಳು ಕೋಟು. ಮೊದಲ ಕೋಟು ಒಣಗಿದ ಮರುದಿನ ಅಂಗೈಯಿಂದ ಒರೆಸಿ ನೋಡಿ. ಕೈಗೆ ಬಿಳಿ ಪುಡಿ ಬಂದರೆ ಗೋಡೆ ಬೇಗ ಒಣಗಿದೆ, ಎರಡನೇ ಕೋಟಿಗೆ ಮುನ್ನ ಇನ್ನಷ್ಟು ನೀರು ಚಿಮುಕಿಸಿ.